ಅರ್ಧಕ್ಕೆ ನಿಂತ ಕ್ರಾಸ್ ಸ್ಟಿಚ್ ಮುಂದುವರಿಯಲು ಗುಂಪು ಹೊಲಿಗೆ ನೆರವಾಗುತ್ತದೆಯೇ?

ಮುಲುಂಡ್_ಹೊಲಿಗೆ

ಬಟ್ಟೆಯ ಚೌಕ ಮನೆಗಳನ್ನು ಎಣಿಸಿ, ಒಂದೊಂದು ಮನೆಗೆ ಒಂದೊಂದು ಅಡ್ಡ ಹೊಲಿಗೆ ಹಾಕಿ ಚಿತ್ರ ಮೂಡಿಸುವ ಕ್ರಾಸ್ ಸ್ಟಿಚ್ ಮಾಡುವ ಮುಂಬಯಿ, ಪುಣೆ ಹಾಗೂ ಗೋವೆಯ ಕನ್ನಡಿಗರಲ್ಲಿ ಒಂದು ವಿಚಾರ ಕೇಳಬೇಕಾಗಿದೆ. ನಾನು ಕೈಗೆತ್ತಿಕೊಂಡಿರುವುದು ಅಗಲಕ್ಕೆ 200, ಎತ್ತರಕ್ಕೆ 300 ಮನೆಗಳಿರುವ, ಬಟ್ಟೆ ಎಲ್ಲಿಯೂ ಖಾಲಿ ಉಳಿಯದಂತೆ ತುಂಬಬೇಕಾದ ಒಂದು ಚಿತ್ರ. 14 ಕೌಂಟಿನ, ಅಂದರೆ ಇಂಚಿಗೆ 14 ಮನೆಗಳಿರುವ ಐಡಾ ಬಟ್ಟೆಯಲ್ಲಿ ಅದು ಸುಮಾರು 14 ಇಂಚು ಅಗಲ, 21 ಇಂಚು ಎತ್ತರಕ್ಕೆ ಬರುತ್ತದೆ. ಗೋಡೆಗೆ ಹಾಕಿದರೆ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ, ಆದರೆ ಲೆಕ್ಕ ಹಾಕಿದರೆ 60,000 ಹೊಲಿಗೆಗಳು. ಗಂಟೆಗೆ ನೂರು ಹೊಲಿಗೆ ಬೀಳುತ್ತದೆಂದು ಹಿಡಿದರೂ ಆರುನೂರು ಗಂಟೆಗಳ ಕೆಲಸ.

ಚಿತ್ರದ ಮುಖ್ಯ ಭಾಗ ಹೊಲಿಯುವಾಗ ಇದ್ದ ಹುರುಪು, ಹಿನ್ನೆಲೆಯ ಕಡುನೀಲಿ ಮತ್ತು ಕಪ್ಪಿಗೆ ಬಂದಾಗ ಇಲ್ಲವಾಯಿತು. ಈಗ ಅದು ಕಪಾಟಿನಲ್ಲಿದೆ. ಮನೆಯಲ್ಲಿ ‘ಯಾವಾಗ ಮುಗಿಯುತ್ತದೆ’ ಎಂದು ಕೇಳುವವರಿದ್ದಾರೆಯೇ ಹೊರತು ಪಕ್ಕದಲ್ಲಿ ಕೂತು ಹೊಲಿಯುವವರಿಲ್ಲ.

ಹೊರದೇಶಗಳ ಹೊಲಿಗೆಯವರು ಒಟ್ಟಾಗಿ ಕೂಡುವ ಹಲವು ಬಗೆಗಳನ್ನು ನೋಡಿದ್ದೇನೆ. ಎಲ್ಲರೂ ಒಂದೇ ಚಾರ್ಟನ್ನು, ಅಂದರೆ ಯಾವ ಮನೆಗೆ ಯಾವ ಬಣ್ಣವೆಂದು ತೋರಿಸುವ ನಕ್ಷೆಯನ್ನು, ಕಂತುಕಂತಾಗಿ ಹೊಲಿಯುವ ಸ್ಟಿಚ್ ಅಲಾಂಗ್, ಮೇ ತಿಂಗಳಿನಲ್ಲಿ ದಿನಕ್ಕೊಂದು ಹೊಸ ಕೆಲಸ ಆರಂಭಿಸುವ ಸ್ಟಿಚ್ ಮೇನಿಯಾ, ತಿಂಗಳಿಗೊಮ್ಮೆ ಮನೆಯಲ್ಲೇ ಉಳಿದು ಹೊಲಿಯುವ ವಾರಾಂತ್ಯ, ಬಿಂಗೊ ಹೀಗೆ. ಇವುಗಳಲ್ಲಿ ನನ್ನಂತೆ ಒಂದೇ ದೊಡ್ಡ ಕೆಲಸಕ್ಕೆ ಸಿಕ್ಕಿಕೊಂಡವರಿಗೆ ಯಾವುದು ನಿಜವಾಗಿ ಒದಗುತ್ತದೆ? ಎದುರಾಬದುರು ಕೂತು ಹೊಲಿಯುವುದಕ್ಕೂ ಫೋನಿನಲ್ಲಿ ಫೋಟೊ ಹಾಕುವುದಕ್ಕೂ ವ್ಯತ್ಯಾಸವಿದೆಯೇ? ಮುಂಬಯಿಯ ದೂರಗಳನ್ನೂ ಲೋಕಲ್ ಗಾಡಿಯ ಗದ್ದಲವನ್ನೂ ಲೆಕ್ಕಕ್ಕೆ ಹಿಡಿದು, ಇಂಥದೊಂದು ಕೂಟವನ್ನು ಸ್ವತಃ ನಡೆಸಿ ನೋಡಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಡೊಂಬಿವಲಿ_ಸೂಜಿದಾರ

ನಮಸ್ಕಾರ. ನಮ್ಮ ಡೊಂಬಿವಲಿಯಲ್ಲಿ ಏಳೆಂಟು ಮಂದಿ ತಿಂಗಳಿಗೊಮ್ಮೆ ಕೂಡಿ ಹೊಲಿಯುವ ಕ್ರಮ ಕೆಲವು ವರ್ಷಗಳಿಂದ ನಡೆದು ಬಂದಿದೆ. ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ.

ಕೂಟದ ದಿನ ಹೆಚ್ಚು ಹೊಲಿಗೆ ಬೀಳುತ್ತದೆಂದು ಯಾರೂ ನಂಬಿಕೊಂಡು ಬರಬಾರದು. ಮಾತು, ಚಹಾ, ಒಬ್ಬರ ಕೆಲಸವನ್ನು ಇನ್ನೊಬ್ಬರು ಕೈಗೆತ್ತಿಕೊಂಡು ನೋಡುವುದು ಇವೆಲ್ಲ ಸೇರಿ ಮೂರು ಗಂಟೆ ಕೂತರೂ ಮನೆಯಲ್ಲಿ ಒಂದೂವರೆ ಗಂಟೆಗೆ ಆಗುವಷ್ಟೇ ಆಗುತ್ತದೆ. ಆದರೆ ಕೂಟಕ್ಕೆ ಮೊದಲಿನ ವಾರದಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಕಪಾಟಿನಿಂದ ಬಟ್ಟೆ ಹೊರಗೆ ಬರುತ್ತದೆ, ಏಕೆಂದರೆ ಕಳೆದ ತಿಂಗಳು ತೋರಿಸಿದ್ದನ್ನೇ ಹಾಗೆಯೇ ಮತ್ತೆ ತೋರಿಸಲು ಯಾರಿಗೂ ಮನಸ್ಸಾಗುವುದಿಲ್ಲ. ನಿಜವಾದ ಕೆಲಸ ನಡೆಯುವುದು ಆ ವಾರದಲ್ಲಿ. ಆದ್ದರಿಂದ ನಮ್ಮಲ್ಲಿ ಇರುವ ನಿಯಮ ಒಂದೇ: ವರ್ಷದ ಆರಂಭದಲ್ಲಿ ಪ್ರತಿಯೊಬ್ಬರೂ ತಮ್ಮ ಒಂದು ಹಳೆಯ ಕೆಲಸವನ್ನು ಹೆಸರಿಸಬೇಕು, ಪ್ರತಿ ಕೂಟಕ್ಕೂ ಅದನ್ನೇ ತರಬೇಕು. ಬೇರೆ ಏನನ್ನು ಬೇಕಾದರೂ ಜೊತೆಗೆ ತನ್ನಿ, ಆದರೆ ಅದು ಚೀಲದಲ್ಲಿ ಇರಲೇಬೇಕು. ಬಂದ ಕೂಡಲೇ ಒಂದು ಫೋಟೊ, ಹೊರಡುವಾಗ ಒಂದು ಫೋಟೊ, ಅಷ್ಟೇ.

ಏನನ್ನು ಕೂಟದಲ್ಲಿ ಹೊಲಿಯಬೇಕೆಂಬುದರ ಮೇಲೂ ಬಹಳಷ್ಟು ನಿಂತಿದೆ. ಒಂದೊಂದು ಮನೆಗೆ ಒಂದೊಂದು ಬಣ್ಣ ಬರುವ, ಕಾನ್‌ಫೆಟಿ ಎಂದು ಕರೆಯುವ ಭಾಗವನ್ನು ಜನರ ನಡುವೆ ಹೊಲಿಯಲು ಹೋದರೆ ಎಣಿಕೆ ತಪ್ಪುತ್ತದೆ, ಮನೆಗೆ ಹೋಗಿ ಬಿಚ್ಚುತ್ತಾ ಕೂರಬೇಕಾಗುತ್ತದೆ. ಅಂಥದು ಏಕಾಂತದ ಕೆಲಸ. ಒಂದೇ ಬಣ್ಣ ಉದ್ದಕ್ಕೂ ಹೋಗುವ ಭಾಗ ಕೂಟಕ್ಕೆ ಸರಿಹೊಂದುತ್ತದೆ. ನಿಮ್ಮನ್ನು ಬೇಸರಪಡಿಸಿದ ಆ ಕಡುನೀಲಿ ಹಿನ್ನೆಲೆ ಇದೆಯಲ್ಲ, ಕೂಟದಲ್ಲಿ ಅದಕ್ಕಿಂತ ಸುಖದ ಕೆಲಸ ಇನ್ನೊಂದಿಲ್ಲ. ಬಾಯಿಗೆ ಮಾತು, ಕೈಗೆ ನೀಲಿ.

ಹೊರಡುವ ಮೊದಲು ಮನೆಯಲ್ಲೇ ಸ್ವಲ್ಪ ಸಿದ್ಧತೆ ಮಾಡಿಕೊಳ್ಳಿ. ಬಟ್ಟೆಯ ಮೇಲೆ ಹತ್ತು ಮನೆಗೊಂದರಂತೆ ಗೆರೆ ಹಾಕಿದ್ದರೆ ಮಾತಿನ ನಡುವೆಯೂ ಎಣಿಕೆ ಕೈತಪ್ಪುವುದಿಲ್ಲ. ಹತ್ತಕ್ಕೆ ಹತ್ತರ ಒಂದು ಚೌಕವೆಂದರೆ ನೂರು ಹೊಲಿಗೆ, ಅಂದರೆ ನಿಮ್ಮ ಲೆಕ್ಕದಲ್ಲೇ ಒಂದು ಗಂಟೆ. ಗೆರೆಗೆ ನೀರಿನಲ್ಲಿ ಹೋಗುವ ಪೆನ್ನು ಒಳ್ಳೆಯದು. ಇಸ್ತ್ರಿಯ ಬಿಸಿಗೆ ಮಾಯವಾಗುವ ಪೆನ್ನಿನ ಗೆರೆಗಳು ಕೊರೆಯುವ ಚಳಿಯಲ್ಲಿ ಮತ್ತೆ ಮೂಡುತ್ತವೆ. ಮುಂಬಯಿಯಲ್ಲಿ ಆ ಭಯವಿಲ್ಲ, ನಿಜ, ಆದರೆ ಹಿಮ ಬೀಳುವ ಊರಿನಲ್ಲಿರುವ ಮಗಳಿಗೆ ಉಡುಗೊರೆ ಕಳುಹಿಸುವವರು ಅದನ್ನು ಮುಟ್ಟದಿರುವುದೇ ಲೇಸು. ಹಾಗೆಯೇ 24ನೇ ನಂಬರಿನ ಮೊಂಡು ಮೊನೆಯ ಸೂಜಿಗಳನ್ನು ನಾಲ್ಕೈದು ಇಟ್ಟುಕೊಂಡು, ಎಲ್ಲಕ್ಕೂ ಮನೆಯಲ್ಲೇ ದಾರ ಪೋಣಿಸಿ ತನ್ನಿ. ಆರು ಎಳೆಯ ದಾರದಿಂದ ಒಂದೇ ಉದ್ದನೆಯ ಎಳೆ ತೆಗೆದು, ಅದನ್ನು ಮಧ್ಯಕ್ಕೆ ಮಡಚಿ, ಎರಡೂ ತುದಿಗಳನ್ನು ಸೂಜಿಗೆ ಹಾಕಿಕೊಂಡರೆ ಇನ್ನೊಂದು ಕಡೆ ಕುಣಿಕೆ ಉಳಿಯುತ್ತದೆ. ಮೊದಲ ಹೊಲಿಗೆಯಲ್ಲಿ ಸೂಜಿಯನ್ನು ಹಿಂಬದಿಯ ಆ ಕುಣಿಕೆಯೊಳಗೆ ಹಾಯಿಸಿ ಎಳೆದರೆ ಗಂಟಿಲ್ಲದೆ ದಾರ ನಿಲ್ಲುತ್ತದೆ. ನಮ್ಮಲ್ಲಿ ಕನ್ನಡಕ ಮರೆತು ಬರುವವರಿಗೆ ಈ ಪೂರ್ವಸಿದ್ಧತೆಯಿಂದಲೇ ಅನೇಕ ಸಲ ಮಧ್ಯಾಹ್ನ ಉಳಿದಿದೆ.

ತಿಂಡಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಎಲ್ಲರ ಬಟ್ಟೆಯೂ ಮಡಚಿ ಚೀಲದೊಳಗೆ ಹೋದ ಮೇಲೆಯೇ ಡಬ್ಬ ತೆರೆಯಬೇಕು. ಅವಲಕ್ಕಿ ಚೂಡಾದ ಅರಿಶಿನ ಬಿಳಿ ಐಡಾಕ್ಕೆ ತಗುಲಿದರೆ ಯಾವ ಸೋಪಿನ ನೀರಿಗೂ ಪೂರ್ತಿ ಹೋಗುವುದಿಲ್ಲ. ಇನ್ನು ದಿನದ ಮಾತು. ಹಳಿಯ ಕೆಲಸಕ್ಕೆಂದು ಗಾಡಿಗಳನ್ನು ತಡೆಯುವ ಮಧ್ಯ ರೈಲ್ವೆಯ ಮೆಗಾಬ್ಲಾಕ್ ಸಾಮಾನ್ಯವಾಗಿ ಭಾನುವಾರ ಹಗಲೇ ಬರುವುದರಿಂದ ನಾವು ಶನಿವಾರ ಮಧ್ಯಾಹ್ನವನ್ನು ಹಿಡಿದಿದ್ದೇವೆ. ಭಾನುವಾರ ಇಟ್ಟರೆ ಅರ್ಧ ಜನ ಠಾಣೆಯಲ್ಲಿ, ಅರ್ಧ ಜನ ಕಲ್ಯಾಣದಲ್ಲಿ ಉಳಿಯುತ್ತಾರೆ.

ಕೋಥ್ರೂಡ್_ಐಡಾ

ಡೊಂಬಿವಲಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಪಟ್ಟಿ ಮಾಡಿದ ಎಲ್ಲ ಬಗೆಗಳನ್ನೂ ಒಂದೇ ತಕ್ಕಡಿಗೆ ಹಾಕಬಾರದು, ಏಕೆಂದರೆ ಅವುಗಳಲ್ಲಿ ಕೆಲವು ಹುರುಪನ್ನು ಕೊಡುವುದಕ್ಕಿಂತ ಕಪಾಟನ್ನು ತುಂಬಿಸುವುದೇ ಹೆಚ್ಚು.

ಸ್ಟಿಚ್ ಮೇನಿಯಾವನ್ನೇ ನೋಡಿ. ಮೇ ತಿಂಗಳಿನಲ್ಲಿ ದಿನಕ್ಕೊಂದು ಹೊಸದನ್ನು ಆರಂಭಿಸಿದರೆ ಜೂನ್ ಒಂದರಂದು ಕೈಯಲ್ಲಿ ಮೂವತ್ತೊಂದು ಅರೆಬರೆ ಕೆಲಸಗಳಿರುತ್ತವೆ. ಆರಂಭಿಸುವುದೇ ಖುಷಿ ಎನ್ನುವವರಿಗೆ ಅದು ಹಬ್ಬ, ತಕರಾರಿಲ್ಲ. ಆರಂಭಿಸಿದ್ದನ್ನು ಮುಗಿಸಲಾಗದೆ ಕೊರಗುತ್ತಿರುವವರಿಗೆ ಅದನ್ನು ಮದ್ದೆಂದು ಕೊಡುವುದು ಹೇಗೆ? ಇಪ್ಪತ್ತು ಲಡಿ ದಾರ ಹೊಸದಾಗಿ ಕೊಳ್ಳಲು ನೆಪ ಸಿಗುತ್ತದೆ, ಅಷ್ಟೇ.

ಸ್ಟಿಚ್ ಅಲಾಂಗ್ ಸ್ವಲ್ಪ ಬೇರೆ. ಅದರಲ್ಲಿ ವಿನ್ಯಾಸಕಾರರು ಚಾರ್ಟನ್ನು ವಾರಕ್ಕೋ ತಿಂಗಳಿಗೋ ಒಂದು ಕಂತಿನಂತೆ ಬಿಡುಗಡೆ ಮಾಡುತ್ತಾರೆ, ಎಲ್ಲರೂ ಅದೇ ಭಾಗವನ್ನು ಅದೇ ಅವಧಿಯಲ್ಲಿ ಹೊಲಿದು ತೋರಿಸುತ್ತಾರೆ. ಮಿಸ್ಟರಿ ಎಂದು ಹೆಸರಿರುವವುಗಳಲ್ಲಿ ಕೊನೆಯ ಕಂತು ಬರುವವರೆಗೆ ಪೂರ್ಣ ಚಿತ್ರ ಯಾವುದೆಂದೇ ತಿಳಿಯುವುದಿಲ್ಲ. ಕಂತು ಚಿಕ್ಕದಿದ್ದರೆ, ಒಂದು ಸಂಜೆ ಎರಡು ಸಂಜೆಗೆ ಮುಗಿಯುವಂತಿದ್ದರೆ ಇದು ನಿಜವಾಗಿಯೂ ಕೈಹಿಡಿದು ನಡೆಸುತ್ತದೆ. ಹೊಸಬರಿಗೆ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ಎಲ್ಲರೂ ಒಂದೇ ಕಡೆ ತಡವರಿಸುತ್ತಾರೆ, ಒಬ್ಬರಿಗೆ ಸಿಕ್ಕ ಉತ್ತರ ಎಲ್ಲರಿಗೂ ಸಲ್ಲುತ್ತದೆ. ಆದರೆ ಎರಡು ಕಂತು ಹಿಂದೆ ಬಿದ್ದಿರೋ, ಮೂರನೆಯದು ಬರುವಾಗ ಅದು ಬಾಕಿ ಉಳಿದ ಸಾಲದ ಕಂತಿನಂತೆ ಕಾಣತೊಡಗುತ್ತದೆ. ಮೇಲಾಗಿ 60,000 ಹೊಲಿಗೆಯ ಕೆಲಸವೊಂದು ಕಾಯುತ್ತಿರುವಾಗ ಅದರ ಸಮಯವನ್ನೇ ಕಿತ್ತು ಇದಕ್ಕೆ ಕೊಡಬೇಕಾಗುತ್ತದೆ.

ನಿಮಗೆ ನಾನು ಹೇಳುವುದು ಬಿಂಗೊ. ವಿಪ್‌ಗೊ ಎಂದು ಇದನ್ನು ಕರೆಯುತ್ತಾರೆ, ವಿಪ್ ಎಂದರೆ ಇನ್ನೂ ಮುಗಿಯದ ಕೆಲಸ (ವರ್ಕ್ ಇನ್ ಪ್ರೋಗ್ರೆಸ್). ಐದಕ್ಕೆ ಐದರ ಇಪ್ಪತ್ತೈದು ಮನೆಗಳ ಒಂದು ಕಾರ್ಡ್ ಮಾಡಿಕೊಂಡು, ಒಂದೊಂದು ಮನೆಯಲ್ಲಿ ಒಂದೊಂದು ಅರ್ಧಕ್ಕೆ ನಿಂತ ಕೆಲಸವನ್ನು ಬರೆಯುವುದು. ಗುಂಪು ನಡೆಸುವವರು ಕಾಲಕಾಲಕ್ಕೆ ನಂಬರು ಎತ್ತಿದಾಗ ಆ ಮನೆಯ ಕೆಲಸವನ್ನು ಹೊಲಿಯುವುದು. ಇಪ್ಪತ್ತೈದು ಅರೆಬರೆ ಕೆಲಸಗಳು ನಿಮ್ಮಲ್ಲಿಲ್ಲದಿದ್ದರೆ, ಇಲ್ಲದಿರುವುದು ಒಳ್ಳೆಯದೇ, ಒಂದೇ ಕೆಲಸವನ್ನು ಇಪ್ಪತ್ತೈದು ಪಾಲು ಮಾಡಿ ಬರೆಯಿರಿ. ಪ್ರತಿ ಮನೆಗೆ ಹಿನ್ನೆಲೆಯ 500 ಹೊಲಿಗೆ ಎಂದು ಇಟ್ಟರೂ ಇಡೀ ಕಾರ್ಡ್ ತುಂಬುವಾಗ 12,500 ಆಗುತ್ತದೆ, ಅಂದರೆ ನಿಮ್ಮ ಚಿತ್ರದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು. ನಡುವೆ ಕೆಲವು ಮನೆಗಳಲ್ಲಿ ‘ಒಂದು ಬಣ್ಣ ಪೂರ್ತಿ ಮುಗಿಸುವುದು’, ‘ಹಿಂಬದಿಯ ದಾರದ ತುದಿಗಳನ್ನು ಕತ್ತರಿಸುವುದು’ ಎಂಬಂಥ ಹಗುರ ಕೆಲಸಗಳನ್ನೂ ಇಡಿ. ಇದರ ಗುಣವೆಂದರೆ ಇವತ್ತು ಯಾವುದನ್ನು ಹೊಲಿಯಲಿ ಎಂದು ಯೋಚಿಸುವ ಕೆಲಸ ತಪ್ಪುತ್ತದೆ. ನನಗೆ ಕಂಡಂತೆ ಸಂಜೆಯ ಅರ್ಧ ಗಂಟೆ ಹಾಳಾಗುವುದು ಆ ಯೋಚನೆಯಲ್ಲೇ.

ಒಂದು ಎಚ್ಚರಿಕೆ. ಯಾರು ಎಷ್ಟು ಹೊಲಿಗೆ ಹಾಕಿದರು ಎಂಬ ಪಟ್ಟಿಯನ್ನು ಗುಂಪಿನಲ್ಲಿ ಹಾಕಲು ಬಿಡಬೇಡಿ. ಪ್ಯಾಟರ್ನ್ ಕೀಪರ್‌ನಂಥ ಆ್ಯಪ್‌ಗಳು ದಿನದ ಎಣಿಕೆಯನ್ನು ತಾವೇ ಇಟ್ಟುಕೊಡುವುದರಿಂದ ಈ ಚಟ ಬೇಗ ಅಂಟುತ್ತದೆ. 14 ಕೌಂಟಿನಲ್ಲಿ ಒಂದೇ ಬಣ್ಣ ತುಂಬುವವರಿಗೂ, 18 ಕೌಂಟಿನಲ್ಲಿ ಮುಖದ ನೆರಳುಗಳನ್ನು ಬಿಡಿಸುವವರಿಗೂ ಎಣಿಕೆಯ ಸ್ಪರ್ಧೆ ಇಡುವುದು ನ್ಯಾಯವಲ್ಲ. ಚಿತ್ರದ ಅಂಚಿಗೆ ಗೆರೆಯಂತೆ ಹಾಕುವ ಬ್ಯಾಕ್ ಸ್ಟಿಚ್ ಮಾಡುವವರ ಸಂಜೆಯಂತೂ ಆ ಎಣಿಕೆಗೆ ಸೇರುವುದೇ ಇಲ್ಲ. ನಮ್ಮ ಪುಣೆಯ ಗುಂಪೊಂದರಲ್ಲಿ ಈ ಪಟ್ಟಿ ಶುರುವಾದ ಮೇಲೆ ಮೊದಲು ಸುಮ್ಮನಾದವರು ಅತ್ಯಂತ ನಾಜೂಕಾಗಿ ಹೊಲಿಯುತ್ತಿದ್ದವರೇ.

ವಾಸ್ಕೊ_ಕಸೂತಿ

ಗೋವೆಯಿಂದ ನನ್ನದೊಂದು ಮಾತು. ನಮ್ಮಲ್ಲಿ ಕನ್ನಡಿಗರು ವಾಸ್ಕೊ, ಮಡಗಾಂವ್, ಪಣಜಿ ಎಂದು ಚದುರಿದ್ದಾರೆ, ಅವರಲ್ಲಿ ಕ್ರಾಸ್ ಸ್ಟಿಚ್ ಮಾಡುವವರು ಇನ್ನೂ ಕಡಿಮೆ. ಮಳೆಗಾಲದಲ್ಲಿ ಸಂಜೆಯ ಬಸ್ಸು ಹಿಡಿದು ಬಟ್ಟೆಯ ಚೀಲ ನೆನೆಸಿಕೊಂಡು ಯಾರೂ ಬರುವುದಿಲ್ಲ. ಆದ್ದರಿಂದ ನಾವು ಫೋನಿನ ಮೇಲೆಯೇ ನಡೆಸುತ್ತೇವೆ, ಅದರಿಂದ ನಷ್ಟವಾಗಿದೆಯೆಂದು ನನಗೆ ಅನಿಸಿಲ್ಲ.

ಹರ್ಮಿಟ್ ಆ್ಯಂಡ್ ಸ್ಟಿಚ್ ವೀಕೆಂಡ್ ಎಂಬ ಹೆಸರಿನಲ್ಲಿ ತಿಂಗಳ ಮೂರನೆಯ ವಾರಾಂತ್ಯವನ್ನು ಮನೆಯಲ್ಲೇ ಕೂತು ಹೊಲಿಯಲು ಮೀಸಲಿಡುವ ರೂಢಿಯೊಂದಿದೆ. ಪ್ರಶ್ನೆಯಲ್ಲಿ ಹೇಳಿದ್ದು ಬಹುಶಃ ಅದನ್ನೇ. ಎಲ್ಲರೂ ಒಂದೇ ಚಾರ್ಟ್ ಹೊಲಿಯಬೇಕೆಂದಿಲ್ಲ, ಇಷ್ಟೇ ಹೊಲಿಯಬೇಕೆಂದಿಲ್ಲ, ಯಾರ ಮನೆಗೂ ಹೋಗಬೇಕಿಲ್ಲ. ಆ ಎರಡು ದಿನಗಳಲ್ಲಿ ಮಾಡಿದ್ದನ್ನು ಫೋಟೊ ಹಾಕಿದರೆ ಸಾಕು. ಹೆಣ್ಣುಮಕ್ಕಳಿಗೆ ಇದರ ದೊಡ್ಡ ಉಪಯೋಗ ಬೇರೆಯೇ ಇದೆ. ‘ಈ ಶನಿವಾರ ನನಗೆ ಹೊಲಿಗೆ ಇದೆ’ ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮನೆಯವರು ಅದನ್ನು ಒಂದು ಕಾರ್ಯಕ್ರಮವೆಂದು ಒಪ್ಪುತ್ತಾರೆ. ಸುಮ್ಮನೆ ಸೂಜಿ ಹಿಡಿದು ಕೂತರೆ ಬಿಡುವಾಗಿದ್ದಾಳೆಂದು ತಿಳಿದು ಕೊತ್ತಂಬರಿ ಸೊಪ್ಪು ಬಿಡಿಸಲು ತಂದಿಡುತ್ತಾರೆ.

ನಾವು ಅದಕ್ಕೊಂದು ವಿಡಿಯೊ ಕರೆಯನ್ನು ಸೇರಿಸಿಕೊಂಡಿದ್ದೇವೆ. ಕ್ಯಾಮೆರಾ ಮುಖದ ಮೇಲಿರಬಾರದು, ಕೈಯ ಮೇಲಿರಬೇಕು. ಮೊದಲ ಹತ್ತು ನಿಮಿಷ ಕ್ಷೇಮಸಮಾಚಾರ, ಆಮೇಲೆ ಸುಮಾರು ಒಂದು ಗಂಟೆ ಎಲ್ಲರೂ ಮಾತಿಲ್ಲದೆ ಹೊಲಿಯುವುದು, ಕೊನೆಗೆ ತೋರಿಸುವುದು. ಪರದೆಯ ಮೇಲೆ ಐದಾರು ಜೊತೆ ಕೈಗಳು ಓಡುತ್ತಿರುವಾಗ ತನ್ನ ಕೈ ನಿಲ್ಲಿಸಲು ಸಂಕೋಚವಾಗುತ್ತದೆ, ಅದು ಸಾಕಾಗುತ್ತದೆ. ಡೊಂಬಿವಲಿಯವರು ಕೂಟಕ್ಕೆ ಬೇಡವೆಂದ ಕಾನ್‌ಫೆಟಿ ಭಾಗವನ್ನು ಇಂಥ ಮೌನದ ಕರೆಯಲ್ಲಿ ಧೈರ್ಯವಾಗಿ ಹೊಲಿಯಬಹುದು.

ಕರಾವಳಿಯಲ್ಲಿ ಇರುವವರಿಗಾಗಿ ಇನ್ನೊಂದು ವಿಷಯ. ತಿಂಗಳಿಗೊಮ್ಮೆ ಮಾತ್ರ ತೆಗೆಯುವ ಬಟ್ಟೆಯನ್ನು ರಿಂಗಿನಲ್ಲೇ ಬಿಗಿದಿಡಬೇಡಿ. ರಿಂಗಿನ ಅಂಚಿನಲ್ಲಿ ಕೊಳೆಯ ಗೆರೆ ಕೂರುತ್ತದೆ, ಮಡಿಕೆ ಹೋಗುವುದಿಲ್ಲ, ಜೂನ್ ಜುಲೈನಲ್ಲಿ ಬೂಷ್ಟೂ ಹಿಡಿಯುತ್ತದೆ. ಹೊಲಿಗೆ ಮುಗಿದ ಕೂಡಲೇ ರಿಂಗ್ ಬಿಚ್ಚಿ, ಬಟ್ಟೆಯನ್ನು ಸುರುಳಿ ಸುತ್ತಿ, ಹತ್ತಿಯ ಚೀಲದಲ್ಲಿ ಸಿಲಿಕಾ ಜೆಲ್ಲಿನ ಒಂದೆರಡು ಪೊಟ್ಟಣಗಳೊಂದಿಗೆ ಇಡಿ. ಎಷ್ಟೋ ಮಂದಿ ಕೆಲಸವನ್ನು ಬಿಟ್ಟದ್ದು ಬೇಸರದಿಂದಲ್ಲ, ಆಗಸ್ಟಿನಲ್ಲಿ ತೆರೆದು ನೋಡಿದಾಗ ಕಂಡ ಕಪ್ಪು ಚುಕ್ಕೆಗಳಿಂದ.

ಮುಲುಂಡ್_ಹೊಲಿಗೆ

ಮೂವರಿಗೂ ಧನ್ಯವಾದಗಳು. ಹಿನ್ನೆಲೆಯ ನೀಲಿಯನ್ನು ಕೂಟಕ್ಕೂ ಉಳಿದ ಬಿಡಿ ಬಣ್ಣಗಳನ್ನು ಮೌನದ ಕರೆಗೂ ಹಂಚುವ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಬಿಂಗೊ ಕಾರ್ಡನ್ನಂತೂ ಈ ವಾರವೇ ಮಾಡುತ್ತೇನೆ.

ನಮ್ಮ ಸುತ್ತಮುತ್ತ ಕೇಳಿ ನೋಡಿದಾಗ ಬರಲು ಒಪ್ಪಿದವರು ಒಂದೇ ಬಗೆಯವರಲ್ಲ. ಒಬ್ಬಳು ಕಾಲೇಜಿನ ಹುಡುಗಿ, ಅವಳಿಗೆ ಸೂಜಿ ಹಿಡಿದೇ ಗೊತ್ತಿಲ್ಲ. ಇಬ್ಬರು ಧಾರವಾಡ ಕಡೆಯ ಹಿರಿಯರು, ಅವರಿಗೆ ಕಸೂತಿ ಕೈಯಲ್ಲೇ ಇದೆ, ಆದರೆ ಚಿಹ್ನೆಗಳಿರುವ ಚಾರ್ಟನ್ನು ಕಂಡರೆ ‘ಇದು ನಮಗೆ ಹತ್ತೂದಲ್ಲ’ ಎನ್ನುತ್ತಾರೆ. ಇಂಥವರೆಲ್ಲ ಒಂದು ಮೇಜಿನ ಸುತ್ತ ಕೂರುವಂತೆ ಮಾಡಲು ಒಂದೇ ಕೆಲಸವೇನಾದರೂ ಇದೆಯೇ? ಪ್ರತಿಯೊಬ್ಬರೂ ತಮ್ಮ ತಮ್ಮದನ್ನು ಹೊಲಿಯುತ್ತ ಕೂತರೆ ಹುಡುಗಿಗೆ ಎರಡನೇ ಸಲ ಬರುವ ಕಾರಣವಿರುವುದಿಲ್ಲ ಎಂಬ ಅಳುಕು ನನ್ನದು.

ಮಾಟುಂಗ_ಮೆಂತೆ

ಮುಲುಂಡಿನ ತಂಗಿಗೆ ನಮಸ್ಕಾರ. ಆ ಇಬ್ಬರು ಹಿರಿಯರನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ, ನಿಮ್ಮ ಕೂಟದ ಬಲವೇ ಅವರು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಅವುಗಳಲ್ಲಿ ಮೆಂತಿ ಅಡ್ಡಹಾಯುವ ಹೊಲಿಗೆ, ಐಡಾದ ಮೇಲೆ ನೀವು ಹಾಕುತ್ತಿರುವುದರ ಸೋದರಿ. ಇಳಕಲ್ ಸೀರೆಯ ಮೇಲೆ, ಚಾರ್ಟಿಲ್ಲದೆ, ನೇಯ್ಗೆಯ ಎಳೆಗಳನ್ನು ಕಣ್ಣಿನಲ್ಲೇ ಎಣಿಸಿ ಗೋಪುರ ಎಬ್ಬಿಸುವ ಕೈಗೆ 14 ಕೌಂಟಿನ ಐಡಾ ಆಟದ ಬಯಲು. ಅವರಿಗೆ ಅಡ್ಡಿಯಾಗಿರುವುದು ಚಾರ್ಟಿನ ಚಿಹ್ನೆಗಳು ಮಾತ್ರ. ಚಿಹ್ನೆಗಳ ಬದಲಿಗೆ ಬಣ್ಣ ತುಂಬಿದ ಚೌಕಗಳಿರುವ ಚಾರ್ಟ್ ಕೊಡಿ, ಇಲ್ಲವಾದರೆ ಹೊಲಿದ ಒಂದು ಮಾದರಿಯನ್ನೇ ಮುಂದಿಡಿ. ನೋಡಿ ಎತ್ತುವುದು ಅವರ ರೂಢಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೆಲಸವನ್ನು ಅವರ ಕೈಗೆ ಕೊಟ್ಟರೆ ಅವರು ಮೊದಲು ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನು ನೋಡುತ್ತಾರೆ. ಗವಂತಿ, ಮುರ್ಗಿಗಳು ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣುವ, ಗಂಟೇ ಇಲ್ಲದ ಹೊಲಿಗೆಗಳಾದುದರಿಂದ ಅವರಿಗೆ ಹಿಂಬದಿಯೂ ಮುಂಬದಿಯೇ. ಕ್ರಾಸ್ ಸ್ಟಿಚ್ಚಿನ ಹಿಂಬದಿಗೆ ಆ ಮಾನದಂಡ ಬೇಕಿಲ್ಲವೆಂದು ಕೂಟದ ಮೊದಲ ದಿನವೇ ನಗುನಗುತ್ತಾ ತಿಳಿಸಿಬಿಡಿ, ಇಲ್ಲದಿದ್ದರೆ ಆ ಹುಡುಗಿ ಎರಡನೆಯ ಸಲ ಬರುವುದಿಲ್ಲ.

ಒಂದೇ ಕೆಲಸ ಯಾವುದೆಂದು ಕೇಳಿದ್ದೀರಿ. ಪ್ರತಿಯೊಬ್ಬರೂ ಒಂದು ಚೌಕ ಹೊಲಿದು, ಕೊನೆಗೆ ಎಲ್ಲವನ್ನೂ ಜೋಡಿಸುವ ಕೆಲಸವನ್ನು ಹಿಡಿಯಿರಿ. ದೊಡ್ಡ ಪ್ರಮಾಣದಲ್ಲಿ ಇದು ನಮ್ಮ ದೇಶದಲ್ಲೇ ನಡೆದಿದೆ. ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಗುಂಪಿನ ಮಹಿಳೆಯರು ತಮ್ಮ ತಮ್ಮ ಊರುಗಳಲ್ಲಿ ಹೆಣೆದ ತುಂಡುಗಳನ್ನು ಸೇರಿಸಿ, 2016ರ ಜನವರಿಯಲ್ಲಿ ಚೆನ್ನೈನಲ್ಲಿ 11,148.5 ಚದರ ಮೀಟರಿನ ಕ್ರೋಶೆ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಒಬ್ಬಳ ತುಂಡು ಬಾರದಿದ್ದರೆ ಅಲ್ಲಿ ಒಂದು ತೂತು ಉಳಿಯುತ್ತದೆ ಎಂಬ ಅರಿವೇ ಇಂಥ ಕೆಲಸವನ್ನು ಮುಂದಕ್ಕೆ ತಳ್ಳುತ್ತದೆ. ನಿಮಗೆ ಗಿನ್ನೆಸ್ ಬೇಡ, ಹನ್ನೆರಡು ಚೌಕಗಳು ಸಾಕು.

ಚೌಕ 40 ಮನೆಗೆ 40 ಮನೆ ಇರಲಿ. 14 ಕೌಂಟಿನಲ್ಲಿ ಅದು ಮೂರು ಇಂಚಿಗಿಂತ ಸ್ವಲ್ಪ ಕಡಿಮೆ ಬರುತ್ತದೆ. ಒಳಗೆ ಕಸೂತಿಯ ಪರಿಚಿತ ಚಿತ್ರಗಳು: ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ಶಂಖ. ಹಿರಿಯರಿಗೆ ಚಿತ್ರ ಗೊತ್ತು, ನಿಮಗೆ ಐಡಾ ಗೊತ್ತು, ಹುಡುಗಿಗೆ ಎರಡೂ ಹೊಸದು, ಆದರೆ ಶಂಖದಂಥ ಸಣ್ಣ ಚಿತ್ರ ಅವಳಿಗೂ ನಾಲ್ಕಾರು ಸಂಜೆಗಳಲ್ಲಿ ಮುಗಿಯುತ್ತದೆ. ಬಟ್ಟೆಯನ್ನು ಒಂದೇ ತುಂಡಿನಿಂದ ಕತ್ತರಿಸಿ ಹಂಚಿ. ಬೇರೆ ಬೇರೆ ಅಂಗಡಿಯಲ್ಲಿ ಕೊಂಡ ಬಿಳಿಗಳು ಪಕ್ಕಪಕ್ಕ ಇಟ್ಟಾಗ ಒಂದೇ ಬಿಳಿಯಾಗಿರುವುದಿಲ್ಲ. ಸುತ್ತ ಒಂದೂವರೆ ಇಂಚು ಬಿಡುವು ಇರಲಿ. ದಾರವೂ ಒಂದೇ ಕಂಪನಿಯದಾಗಿರಲಿ. ಡಿಎಂಸಿ ಕಂಪನಿಯ 310ನೇ ನಂಬರಿನ ಕಪ್ಪಿಗೆ ಆ್ಯಂಕರ್ ಕಂಪನಿಯ 403 ಸಮ ಎಂದು ಕೋಷ್ಟಕಗಳಲ್ಲಿ ಇರುತ್ತದೆ, ಕಪ್ಪಿನ ಮಟ್ಟಿಗೆ ತೊಂದರೆಯಿಲ್ಲ, ಆದರೆ ಕುಂಕುಮ ಕೆಂಪು, ಗಿಳಿಹಸಿರುಗಳಲ್ಲಿ ಕೋಷ್ಟಕದ ‘ಸಮ’ ಕಣ್ಣಿಗೆ ಸಮವಲ್ಲ. ನಮ್ಮ ಕಡೆ ಆ್ಯಂಕರ್ ಸುಲಭವಾಗಿ ಸಿಗುವುದರಿಂದ ಅದನ್ನೇ ಹಿಡಿಯುವುದು ವಾಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮೇಲಿನ ಕಾಲು. ಅಡ್ಡ ಹೊಲಿಗೆಯ ಎರಡು ಗೆರೆಗಳಲ್ಲಿ ಮೇಲೆ ಬರುವ ಗೆರೆ ಎಲ್ಲರ ಚೌಕದಲ್ಲೂ ಒಂದೇ ದಿಕ್ಕಿಗೆ ವಾಲಿರಬೇಕು, ಉದಾಹರಣೆಗೆ ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ. ಹತ್ತಿರದಿಂದ ಇದು ಕಾಣುವುದಿಲ್ಲ. ಜೋಡಿಸಿ ದೂರ ನಿಂತು ನೋಡಿದಾಗ ದಿಕ್ಕು ಬೇರೆಯಾದ ಚೌಕ ಬೆಳಕನ್ನು ಬೇರೆಯಾಗಿ ಹಿಡಿದು, ಅದೇ ದಾರದ್ದಾದರೂ ಬಣ್ಣ ಒಂದು ಮೆಟ್ಟಿಲು ಮಂಕಾಗಿ ತೋರುತ್ತದೆ.

ಗಡುವಿಗೆ ರಾಜ್ಯೋತ್ಸವ ಇದ್ದೇ ಇದೆ. ನವೆಂಬರ್ 1ಕ್ಕೆ ಒಂದು ತಿಂಗಳು ಮೊದಲು ಚೌಕಗಳು ಕೈಸೇರಬೇಕೆಂದು ಇಟ್ಟುಕೊಳ್ಳಿ, ತಡಮಾಡುವವರಿಗೆ ಆ ತಿಂಗಳು ಉಪಯೋಗಕ್ಕೆ ಬರುತ್ತದೆ. ಮಾಹಿಮ್‌ನ ಕರ್ನಾಟಕ ಸಂಘವೋ ನಮ್ಮ ಮಾಟುಂಗದ ಮೈಸೂರು ಅಸೋಸಿಯೇಷನ್ನೋ, ಮುಗಿದದ್ದನ್ನು ತೋರಿಸಲು ಒಂದು ಗೋಡೆ ಕೇಳಿ ನೋಡಬಹುದು. ಕೂಟ ನಡೆಸಲು ಸಭಾಂಗಣ ಹಿಡಿಯುವ ಗೊಡವೆಗೆ ಮಾತ್ರ ಹೋಗಬೇಡಿ.

ಕೋಥ್ರೂಡ್_ಐಡಾ

ಮಾಟುಂಗದ ಅಕ್ಕ ಹೇಳಿದ ಚೌಕಗಳ ಯೋಜನೆ ನನಗೂ ಹಿಡಿಸಿತು, ಕಸೂತಿಯ ಸಾಂಪ್ರದಾಯಿಕ ಚಿತ್ರಗಳಾದ್ದರಿಂದ ಹಕ್ಕಿನ ತೊಡಕೂ ಇಲ್ಲ. ಆದರೆ ಮುಂದೆ ಗುಂಪು ಬೆಳೆದು ಯಾರದಾದರೂ ಹೊಸ ವಿನ್ಯಾಸದ ಚಾರ್ಟನ್ನು ಎಲ್ಲರೂ ಹೊಲಿಯುವುದಾದರೆ ಪ್ರತಿಯೊಬ್ಬರೂ ಕೊಂಡೇ ಹೊಲಿಯಬೇಕು. ಒಬ್ಬರು ಕೊಂಡ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಹೋಗುವುದು ನಮ್ಮ ಗುಂಪುಗಳಲ್ಲಿ ಮಾಮೂಲಿಯಾಗಿದೆ, ಅದನ್ನು ಮೊದಲ ದಿನವೇ ತಡೆಯದಿದ್ದರೆ ಆಮೇಲೆ ಹೇಳುವವರೇ ಕೆಟ್ಟವರಾಗುತ್ತಾರೆ. ದುಡ್ಡು ಹೊರೆಯೆನಿಸುವವರಿಗೆ ಡಿಎಂಸಿಯವರ ಜಾಲತಾಣದಲ್ಲಿ ಉಚಿತ ಚಾರ್ಟುಗಳಿವೆ.

ಮುಲುಂಡ್_ಹೊಲಿಗೆ

ಚೌಕಗಳನ್ನೇ ಹಿಡಿಯುತ್ತೇವೆ, ಹಿರಿಯರಲ್ಲಿ ಒಬ್ಬರು ಆಗಲೇ ತೇರು ತಮಗೆ ಬೇಕೆಂದು ಕಾದಿರಿಸಿದ್ದಾರೆ. ಸಭಾಂಗಣದ ಗೊಡವೆ ಬೇಡವೆಂದಿದ್ದೀರಿ, ಸರಿ. ಹಾಗಾದರೆ ಎಲ್ಲಿ ಕೂರುವುದು? ನಮ್ಮ ಮನೆಯ ಹಾಲ್‌ನಲ್ಲಿ ಆರು ಮಂದಿಗಿಂತ ಹೆಚ್ಚು ಹಿಡಿಸುವುದಿಲ್ಲ.

ಡೊಂಬಿವಲಿ_ಸೂಜಿದಾರ

ಆರು ಮಂದಿ ಸಾಕು, ತಂಗಿ. ಎಂಟು ದಾಟಿದರೆ ಕೂಟ ತಾನಾಗಿಯೇ ಎರಡು ಗುಂಪಾಗುತ್ತದೆ, ಒಂದು ಹೊಲಿಯುತ್ತದೆ, ಇನ್ನೊಂದು ಮಾತಾಡುತ್ತದೆ. ಮನೆಯಲ್ಲೇ ಇಟ್ಟುಕೊಳ್ಳಿ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಾದರೆ ಒಬ್ಬರ ಮೇಲೆಯೇ ಚಹಾದ ಭಾರ ಬೀಳುವುದಿಲ್ಲ. ಉದ್ಯಾನದಲ್ಲಿ ಕೂರುವ ಆಸೆ ಎಲ್ಲರಿಗೂ ಬರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಗಾಳಿಗೆ ಚಾರ್ಟ್ ಹಾರುತ್ತದೆ, ಬೆಂಚಿಗೆ ಬೆನ್ನು ಸೋಲುತ್ತದೆ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಹೋದರೆ ಸಾಕು. ಕಾಫಿ ಅಂಗಡಿಗಳ ಹಳದಿ ದೀಪದಡಿ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದಿಲ್ಲ, ನಿಮ್ಮ ಚಿತ್ರಕ್ಕಂತೂ ಅದು ಸಲ್ಲದು.

ಮಧ್ಯಾಹ್ನ ಎರಡರಿಂದ ಐದು ಇಟ್ಟುಕೊಳ್ಳಿ. ಹಗಲು ಬೆಳಕು ಇರುತ್ತದೆ, ಸಂಜೆಯ ಗಾಡಿಯ ನೂಕುನುಗ್ಗಲಿಗೆ ಮೊದಲೇ ದೂರದವರು ಹೊರಡಬಹುದು. ಕಿಟಕಿಯ ಬಳಿಯ ಜಾಗ ಹಿರಿಯರಿಗೆ, ಹುಡುಗಿಯನ್ನು ಅವರಿಬ್ಬರ ನಡುವೆ ಕೂರಿಸಿ. ಯಾರಾದರೂ ಕಪ್ಪು ಐಡಾ ತರುವುದಾದರೆ ತೊಡೆಯ ಮೇಲೆ ಹಾಸಿಕೊಳ್ಳಲು ಒಂದು ಬಿಳಿ ಟವೆಲ್ಲನ್ನೂ ತರಲು ಹೇಳಿ, ಅಡಿಯಿಂದ ಬಿಳಿ ತೋರಿದರೆ ತೂತುಗಳು ಸ್ಪಷ್ಟವಾಗಿ ಕಾಣುತ್ತವೆ.